ಹಾಡು ಬದಲಿಸು ಎಂದವಳು

(ಓದುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಓಟವನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋಮರನ 'ಒಡಿಸ್ಸಿ' ಕಾವ್ಯದ ಮೊದಲ ಅಧ್ಯಾಯದಲ್ಲಿ ಒಂದು ದೃಶ್ಯ ಬರುತ್ತದೆ. ಒಡಿಸ್ಯೂಸ್ ಟ್ರಾಯ್ ಯುದ್ಧಕ್ಕೆ ಹೋಗಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಆಗಿದೆ. ಸತ್ತಿದ್ದಾನೋ ಬದುಕಿದ್ದಾನೋ ಯಾರಿಗೂ ಗೊತ್ತಿಲ್ಲ. ಅವನ ಹೆಂಡತಿ ಪೆನೆಲೋಪಿಯನ್ನು ಮದುವೆಯಾಗುತ್ತೇವೆ ಎಂದು ಬಂದ ಗಂಡಸರು ಅವನದೇ ಮನೆಯ ಹಜಾರದಲ್ಲಿ ತಿಂದು ಕುಡಿದು ಕೂತಿದ್ದಾರೆ. ಫೆಮಿಯಸ್ ಎಂಬ ಗಾಯಕ ಅವರಿಗಾಗಿ ಹಾಡುತ್ತಿದ್ದಾನೆ. ಟ್ರಾಯ್‌ನಿಂದ ಊರಿಗೆ ಮರಳುವಾಗ ಗ್ರೀಕ್ ವೀರರು ಪಟ್ಟ ಪಾಡಿನ ಹಾಡು ಅದು. ಮಹಡಿಯ ಮೇಲಿರುವ ಪೆನೆಲೋಪಿಗೆ ಅದು ಕೇಳಿಸುತ್ತದೆ. ಅವಳು ಮೆಟ್ಟಿಲಿಳಿದು ಬರುತ್ತಾಳೆ. ಕಂಬದ ಪಕ್ಕ ನಿಂತು, ಅಳುತ್ತಾ, ಗಾಯಕನಿಗೆ ಹೇಳುತ್ತಾಳೆ: ನಿನಗೆ ಬೇರೆ ಎಷ್ಟೋ ಹಾಡು ಬರುತ್ತವಲ್ಲ, ಅವುಗಳಲ್ಲಿ ಒಂದನ್ನು ಹಾಡು. ಇದನ್ನು ನಿಲ್ಲಿಸು, ಇದು ನನ್ನ ಎದೆಯನ್ನು ಹಿಂಡುತ್ತದೆ.

ಆಗ ಮಗ ಟೆಲೆಮಾಕಸ್ ಎದ್ದು ನಿಲ್ಲುತ್ತಾನೆ. ನಿನ್ನೆ ಮೊನ್ನೆ ಮೀಸೆ ಮೂಡಿದ ಹುಡುಗ. ಅಮ್ಮ, ನೀನು ಒಳಗೆ ಹೋಗು, ನಿನ್ನ ಮಗ್ಗದ ಕೆಲಸ ನೋಡಿಕೋ, ಮಾತು ಗಂಡಸರಿಗೆ ಬಿಟ್ಟದ್ದು ಅನ್ನುತ್ತಾನೆ. ಅವಳಿಗೆ ಆಶ್ಚರ್ಯವಾಗುತ್ತದೆ. ಮರುಮಾತಾಡದೆ ಮೇಲೆ ಹೋಗುತ್ತಾಳೆ. ನಿದ್ದೆ ಬರುವ ತನಕ ಗಂಡನನ್ನು ನೆನೆದು ಅಳುತ್ತಾಳೆ.

ನನಗೆ ಈ ಜಾಗ ದಾಟಿ ಮುಂದೆ ಹೋಗಲು ಬಹಳ ಹೊತ್ತು ಹಿಡಿಯಿತು. ಹಳೆಯ ಕಥೆಗಳನ್ನು ಹೆಂಡತಿಯ ಕಡೆಯಿಂದ ಹೇಳುವ ಕವಿತೆಗಳು ಈಚಿನ ಫ್ಯಾಷನ್ ಅಂತ ಕೆಲವರು ಹೇಳುತ್ತಾರೆ. ಆದರೆ ನೋಡಿ, ಪಶ್ಚಿಮದ ಅತಿ ಹಳೆಯ ಕಾವ್ಯಗಳಲ್ಲೊಂದರ ಬಾಗಿಲಲ್ಲೇ ಒಬ್ಬ ಹೆಂಡತಿ ಕವಿಯ ಎದುರು ನಿಂತು ಹಾಡು ಬದಲಿಸು ಎಂದು ಕೇಳಿದ್ದಾಳೆ. ಯಾವ ಹಾಡು ಬೇಕಿತ್ತು ಅಂತ ಅವಳನ್ನು ಯಾರೂ ಕೇಳಲಿಲ್ಲ. ಆಧುನಿಕ ಕವಿಗಳು ಕೇಳಿದರು. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ನನ್ನ ಮಾತು ಒಂದೇ. ಈ ಕವಿತೆಗಳ ಜೀವ ಇರುವುದು ಹಳೆಯ ಕಥೆ ಹಾರಿಸಿಬಿಟ್ಟ ಕಾಲದಲ್ಲಿ. ಕಥೆ ಹೇಳುವಾಗ ನಾವು ವರ್ಷಗಳನ್ನು ಎಷ್ಟು ಸುಲಭವಾಗಿ ದಾಟುತ್ತೇವೆ ಗಮನಿಸಿದ್ದೀರಾ? 'ಹದಿನಾಲ್ಕು ವರ್ಷ ಕಳೆಯಿತು' ಅನ್ನುತ್ತೇವೆ. ಮೂರು ಪದ. ಕಾಡಿನಲ್ಲಿದ್ದವರಿಗೆ ಆ ಹದಿನಾಲ್ಕು ವರ್ಷದ ಒಂದೊಂದು ದಿನಕ್ಕೂ ಕಥೆ ಇದೆ. ರಾಕ್ಷಸರು, ಋಷಿಗಳು, ಜಿಂಕೆ, ಸೇತುವೆ, ಯುದ್ಧ. ಅರಮನೆಯಲ್ಲಿ ಉಳಿದ ಊರ್ಮಿಳೆಗೂ ಅಷ್ಟೇ ದಿನಗಳಿದ್ದವು, ಒಂದೂ ಕಡಿಮೆ ಇರಲಿಲ್ಲ. ಸೂರ್ಯ ಅಲ್ಲೂ ಹುಟ್ಟಿದ, ಅಲ್ಲೂ ಮುಳುಗಿದ. ಒಡಿಸ್ಯೂಸನಿಗೆ ಯುದ್ಧ ಹತ್ತು ವರ್ಷ, ದಾರಿ ಹತ್ತು ವರ್ಷ. ಆ ದಾರಿಯಲ್ಲಿ ಏಳು ವರ್ಷ ಕ್ಯಾಲಿಪ್ಸೊ ಎಂಬ ದೇವತೆಯ ದ್ವೀಪದಲ್ಲೇ ಕಳೆದವು, ಒಂದು ವರ್ಷ ಮಾಟಗಾತಿ ಸರ್ಸಿಯ ಮನೆಯಲ್ಲಿ. ಹೆಂಡತಿಯ ಇಪ್ಪತ್ತು ವರ್ಷಗಳಿಂದ ಕಾವ್ಯ ಎತ್ತಿಕೊಂಡ ಕೆಲಸ ಮುಖ್ಯವಾಗಿ ಒಂದೇ: ಮಾವನಿಗೆ ಹೆಣದ ಬಟ್ಟೆ ನೇಯುವುದು, ರಾತ್ರಿ ಅದನ್ನು ಬಿಚ್ಚುವುದು. ಮೂರು ವರ್ಷ ಹೀಗೆ ಮಾಡಿದಳು. ಇದನ್ನು ಕಾವ್ಯ ಮೂರು ಸಲ ಹೇಳುತ್ತದೆ, ಹೆಚ್ಚುಕಡಿಮೆ ಅವೇ ಮಾತುಗಳಲ್ಲಿ. ಒಮ್ಮೆ ಅವಳ ಹಿಂದೆ ಬಿದ್ದವನೊಬ್ಬನ ಬಾಯಲ್ಲಿ, ಒಮ್ಮೆ ಅವಳದೇ ಬಾಯಲ್ಲಿ, ಕೊನೆಗೆ ಸತ್ತು ಪಾತಾಳ ಸೇರಿದ ಇನ್ನೊಬ್ಬನ ಬಾಯಲ್ಲಿ. ಅವಳು ಹೇಳಿಕೊಳ್ಳುವಾಗಲೂ ಅವರ ಮಾತೇ ಬರುತ್ತದೆ. ಹೊಸ ಮಾತು ಅವಳಿಗೆ ಸಿಗಲೇ ಇಲ್ಲ.

ಹಾರಿಸಿದ ಕಾಲಕ್ಕೆ ಮೊದಲು ಕೈ ಹಾಕಿದವರಲ್ಲಿ ರೋಮಿನ ಕವಿ ಓವಿಡ್ ಒಬ್ಬ. ಎರಡು ಸಾವಿರ ವರ್ಷದ ಹಿಂದೆ ಅವನು ಪುರಾಣದ ಹೆಣ್ಣುಗಳು ಬರೆದ ಕಾಗದಗಳು ಅನ್ನುವ ಹಾಗೆ ಒಂದು ಕವಿತಾ ಗುಚ್ಛ ಕಟ್ಟಿದ. 'ಹೀರಾಯ್ಡೀಸ್' ಅದರ ಹೆಸರು. ಮೊದಲನೇ ಕಾಗದ ಪೆನೆಲೋಪಿಯದು. ಉತ್ತರ ಬರೆಯಬೇಡ, ನೀನೇ ಬಾ ಎಂದು ಶುರುವಿನಲ್ಲೇ ಹೇಳುತ್ತಾಳೆ. ಕೊನೆಯಲ್ಲಿ ಹೇಳುವುದು ಇನ್ನೂ ಗಟ್ಟಿ. ನೀನು ಹೊರಟಾಗ ನಾನು ಹುಡುಗಿ. ಈಗ ಈ ಕ್ಷಣ ಬಂದರೂ ನಿನ್ನ ಕಣ್ಣಿಗೆ ಮುದುಕಿಯ ಹಾಗೆ ಕಾಣುತ್ತೇನೆ. ಹೋಮರ್ ಈ ಲೆಕ್ಕವನ್ನು ಇಷ್ಟು ನೇರವಾಗಿ ಹಾಕಿರಲಿಲ್ಲ. ಓವಿಡನ ಪೆನೆಲೋಪಿ ವರ್ಷಗಳನ್ನು ತನ್ನ ಮೈಯ ಮೇಲೆ ಎಣಿಸಿಕೊಂಡಳು.

ಇಪ್ಪತ್ತನೇ ಶತಮಾನದ ಕವಿಗಳು ಈ ಲೆಕ್ಕವನ್ನು ಬೇರೆ ಬೇರೆ ದಿಕ್ಕಿಗೆ ಎಳೆದರು. ಅಮೆರಿಕದ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಬರೆದ ಒಂದು ಪುಟ್ಟ ಕವಿತೆ ಇದೆ. ಅವರು ತೀರಿಕೊಂಡ ಮೇಲೆ 1954ರಲ್ಲಿ ಬಂದ ಸಂಕಲನದಲ್ಲಿದೆ. ಒಬ್ಬಳು ಏಪ್ರನ್ನಿನ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ, ಅಷ್ಟೇ. ಒರೆಸಿಕೊಳ್ಳುವಾಗ ಅವಳಿಗೆ ಹೊಳೆಯುತ್ತದೆ: ಪೆನೆಲೋಪಿಯೂ ಹೀಗೇ ಮಾಡಿದ್ದಳು. ಹಗಲೆಲ್ಲ ನೇಯ್ದು ರಾತ್ರಿಯೆಲ್ಲ ಬಿಚ್ಚಿದರೆ ತೋಳು ಸೋಲುತ್ತದೆ, ಕತ್ತಿನ ಹಿಂಭಾಗ ಬಿಗಿಯುತ್ತದೆ. ನೋಡಿ, ಶತಮಾನಗಳ ಕಾಲ ನಾವೆಲ್ಲ ಆ ನೇಯ್ಗೆಯನ್ನು ಜಾಣತನ ಎಂದು ಹೊಗಳಿದೆವು, ಪಾತಿವ್ರತ್ಯ ಎಂದು ಹೊಗಳಿದೆವು. ಕತ್ತು ನೋಯುತ್ತದೆ ಅಂತ ಯಾರಿಗಾದರೂ ಹೊಳೆದಿತ್ತಾ? ಮಗ್ಗದ ಮುಂದೆ, ಹೊಲಿಗೆಯ ಮುಂದೆ ತಾಸುಗಟ್ಟಲೆ ಕೂತವರಿಗೆ ಮಾತ್ರ ಬರುವ ಸಾಲು ಅದು.

ಗ್ರೀಸ್‌ನ ಯಾನಿಸ್ ರಿಟ್ಸೋಸ್ 1968ರಲ್ಲಿ, ಸೇನಾ ಆಡಳಿತ ಅವರನ್ನು ಬಂಧನದಲ್ಲಿ ಇಟ್ಟಿದ್ದ ಕಾಲದಲ್ಲಿ, ಪೆನೆಲೋಪಿಯ ಹತಾಶೆಯ ಬಗ್ಗೆ ಬರೆದರು. ಕೊನೆಗೂ ಗಂಡ ಬಂದಿದ್ದಾನೆ. ಭಿಕ್ಷುಕನ ವೇಷದಲ್ಲಿದ್ದರೂ ಅವಳಿಗೆ ಗುರುತು ಹತ್ತಿದೆ. ಆದರೆ ರಕ್ತ ಮೆತ್ತಿಕೊಂಡ, ಗಡ್ಡ ನರೆತ ಈ ಮನುಷ್ಯನನ್ನು ನೋಡುತ್ತಾ ಅವಳು ಗೋಡೆಗೆ ಒರಗುತ್ತಾಳೆ. ಇಪ್ಪತ್ತು ವರ್ಷ ಕಾದದ್ದು ಇವನಿಗಾಗಿಯೇ? ಬಾಯಿ 'ಬಾ' ಅನ್ನುತ್ತದೆ. ಆ ದನಿ ಬೇರೆ ಯಾರದೋ ಅನಿಸುತ್ತದೆ. ಅವಳು ಕೆಂಪು ನೂಲಲ್ಲಿ ನೇಯ್ದ ಹಕ್ಕಿಗಳು ನೋಡನೋಡುತ್ತಾ ಬೂದಿ ಬಣ್ಣಕ್ಕೆ ತಿರುಗುತ್ತವೆ. ಕಾಯುವುದು ಮುಗಿದ ಕ್ಷಣವೇ ಅವಳ ಬದುಕಿನ ಅತಿ ಒಂಟಿ ಕ್ಷಣ. ಕಾದವರಿಗೆ ಈ ಭಯ ಗೊತ್ತಿರುತ್ತದೆ, ಆದರೆ ಬಾಯಿ ಬಿಟ್ಟು ಹೇಳುವುದು ಕಷ್ಟ.

ಬ್ರಿಟನ್ನಿನ ಕ್ಯಾರಲ್ ಆನ್ ಡಫಿ ಇದಕ್ಕೆ ಪೂರ್ತಿ ಬೇರೆ ದಾರಿ ಹಿಡಿದರು. 1999ರಲ್ಲಿ ಬಂದ ಅವರ 'ದಿ ವರ್ಲ್ಡ್ಸ್ ವೈಫ್' ಸಂಕಲನದಲ್ಲಿ 30 ಕವಿತೆಗಳಿವೆ. ಪುರಾಣ, ಬೈಬಲ್, ಚರಿತ್ರೆ, ಮಕ್ಕಳ ಕಥೆ, ಎಲ್ಲದರ ಹೆಣ್ಣುಗಳೂ ಅಲ್ಲಿ ಬಂದು ಮಾತಾಡುತ್ತಾರೆ. ಅವರ ಪೆನೆಲೋಪಿ ಮೊದಮೊದಲು ದಾರಿ ಕಾಯುತ್ತಾಳೆ. ಹೊತ್ತು ಹೋಗಲಿ ಅಂತ ಕಸೂತಿ ಹಿಡಿಯುತ್ತಾಳೆ. ಆಮೇಲೆ ಕಸೂತಿಯೇ ಅವಳನ್ನು ಹಿಡಿಯುತ್ತದೆ. ಯಾವ ಹಸಿರು, ಯಾವ ನೀಲಿ, ಈ ಮರಕ್ಕೆ ಎಂಥ ಎಲೆ ಅನ್ನುವುದೇ ಅವಳ ಚಿಂತೆಯಾಗುತ್ತದೆ. ಕೊನೆಗೆ ಬಾಗಿಲಾಚೆ ಗಂಡನ ಹೆಜ್ಜೆ ಸಪ್ಪಳ ಕೇಳಿದಾಗ ಅವಳು ಕೆಂಪು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯ ಕಣ್ಣಿಗೆ ಗುರಿ ಇಡುತ್ತಾಳೆ. ಕವಿತೆ ಅಲ್ಲಿಗೆ ನಿಲ್ಲುತ್ತದೆ. ಎದ್ದು ಬಾಗಿಲು ತೆಗೆದಳೇ? ಗೊತ್ತಿಲ್ಲ. ಕೈಯಲ್ಲಿ ಕೆಲಸ ಇದೆ. ಇಪ್ಪತ್ತು ವರ್ಷ ಖಾಲಿ ಇರಲಿಲ್ಲ, ತುಂಬಿತ್ತು ಅನ್ನುವುದು ನನಗೆ ಇಲ್ಲಿ ಕಾಣುವ ದೊಡ್ಡ ವಿಷಯ.

ಇನ್ನು ಯೂರಿಡಿಸಿಯ ಕಡೆ ಬರೋಣ. ಗಾಯಕ ಆರ್ಫಿಯಸ್‌ನ ಹೆಂಡತಿ. ಹಾವು ಕಚ್ಚಿ ಸತ್ತಳು. ಅವನು ಪಾತಾಳಕ್ಕೆ ಇಳಿದು, ಹಾಡಿ, ಅಲ್ಲಿನ ದೇವರನ್ನು ಒಲಿಸಿಕೊಂಡ. ಮೇಲೆ ತಲುಪುವ ತನಕ ಹಿಂತಿರುಗಿ ನೋಡಬಾರದು ಅನ್ನುವುದು ಷರತ್ತು. ನೋಡಿದ. ಅವಳು ಮತ್ತೆ ಕತ್ತಲಿಗೆ ಜಾರಿದಳು. ಇದು ಅವನ ದುಃಖದ ಕಥೆ ಅಂತಲೇ ನಾವೆಲ್ಲ ಓದಿದ್ದು. ಅಮೆರಿಕದ ಕವಿ ಎಚ್.ಡಿ. (ಹಿಲ್ಡಾ ಡೂಲಿಟಲ್) 1917ರಲ್ಲಿ ಅವಳ ಸಿಟ್ಟನ್ನು ಬರೆದರು. ನಾನು ಹೇಗೋ ಈ ಕತ್ತಲಿಗೆ ಹೊಂದಿಕೊಂಡಿದ್ದೆ. ನಿನ್ನ ಸೊಕ್ಕಿಗೆ ನನ್ನನ್ನು ಎಬ್ಬಿಸಿದೆ, ಬೆಳಕು ತೋರಿಸಿದೆ, ಮತ್ತೆ ನೂಕಿದೆ. ಕವಿತೆ ಮುಗಿಯುವ ಹೊತ್ತಿಗೆ ಅವಳು ತನ್ನೊಳಗೇ ಬೆಳಕು ಇದೆ ಎಂದು ಹೇಳುವಷ್ಟು ಎತ್ತರಕ್ಕೆ ಬಂದಿರುತ್ತಾಳೆ. ಡಫಿಯ ಯೂರಿಡಿಸಿಗೆ ಮೇಲೆ ಬರಲು ಇಷ್ಟವೇ ಇಲ್ಲ. ಕೊನೆಯಲ್ಲಿ ಅವಳೊಂದು ಉಪಾಯ ಮಾಡುತ್ತಾಳೆ. ನಿನ್ನ ಕವಿತೆ ಅದ್ಭುತ, ಇನ್ನೊಮ್ಮೆ ಓದು ಅನ್ನುತ್ತಾಳೆ. ಕವಿ ತಿರುಗದೇ ಇರುತ್ತಾನೆಯೇ?

ಆದರೆ ಇವರೆಲ್ಲರಿಗೂ ಮೊದಲು 1904ರಲ್ಲಿ ಜರ್ಮನ್ ಕವಿ ರಿಲ್ಕೆ ಬರೆದದ್ದನ್ನು ಓದಿ ನನಗೆ ಮೈ ಜುಮ್ಮೆಂದಿತ್ತು. ಅಲ್ಲಿ ಯೂರಿಡಿಸಿಗೆ ಸಿಟ್ಟೂ ಇಲ್ಲ, ಉಪಾಯವೂ ಇಲ್ಲ. ಹಣ್ಣು ಸಿಹಿಯಿಂದ ತುಂಬಿರುವ ಹಾಗೆ ಅವಳು ತನ್ನ ಸಾವಿನಿಂದ ತುಂಬಿದ್ದಾಳೆ. ಮೆಲ್ಲಗೆ, ಅವಸರವಿಲ್ಲದೆ ನಡೆಯುತ್ತಿದ್ದಾಳೆ. ಜೊತೆಗಿದ್ದ ದೇವತೆ ಹರ್ಮಿಸ್ ತಟ್ಟನೆ ಅವಳನ್ನು ತಡೆದು, ನೋವಿನಿಂದ, ಅವನು ತಿರುಗಿಬಿಟ್ಟ ಅನ್ನುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ. ಯಾರು? ಎಂದು ಕೇಳುತ್ತಾಳೆ.

ಆ 'ಯಾರು' ಅನ್ನುವ ಒಂದು ಪದ ಓದಿದಾಗ ನನಗೆ ನೆನಪಾದದ್ದು ತೆಲುಗು ಹೆಂಗಸರ ಒಂದು ಹಾಡು. 'ಊರ್ಮಿಳಾದೇವಿ ನಿದ್ರ' ಅಂತ ಅದನ್ನು ಕರೆಯುತ್ತಾರೆ. ಗಂಡ ಕಾಡಿಗೆ ಹೋದ ದಿನದಿಂದ ಊರ್ಮಿಳೆ ಮಲಗಿಬಿಡುತ್ತಾಳೆ. ಹದಿನಾಲ್ಕು ವರ್ಷ ನಿದ್ದೆ. ಲಕ್ಷ್ಮಣ ಮರಳಿ ಬಂದು, ಮಂಚದ ಬಳಿ ಕೂತು, ಅವಳನ್ನು ಎಬ್ಬಿಸುತ್ತಾನೆ. ಕಣ್ಣು ಬಿಟ್ಟ ಊರ್ಮಿಳೆಗೆ ಅವನ ಗುರುತು ಸಿಗುವುದಿಲ್ಲ. ಯಾರಯ್ಯ ನೀನು, ಪರರ ಮನೆಗೆ ಹೀಗೆ ನುಗ್ಗಬಹುದೇ, ನನ್ನ ಅಪ್ಪನಿಗೆ ಗೊತ್ತಾದರೆ, ಭಾವನಿಗೆ ಗೊತ್ತಾದರೆ ಸುಮ್ಮನೆ ಬಿಡುತ್ತಾರಾ ಎಂದು ಗದರಿಸುತ್ತಾಳೆ. ಪರರ ಹೆಂಡತಿಯನ್ನು ಬಯಸಿದವರ ಗತಿ ಏನಾಯಿತು ಎಂದೂ ನೆನಪಿಸುತ್ತಾಳೆ. ರಿಲ್ಕೆಗೆ ಈ ಹಾಡು ಕೇಳಿರುವುದಕ್ಕೆ ಸಾಧ್ಯವಿಲ್ಲ. ಹಾಡಿದ ಹೆಂಗಸರಿಗೆ ರಿಲ್ಕೆ ಬೇಕಾಗಿಯೂ ಇರಲಿಲ್ಲ. ಆದರೂ ಇಬ್ಬರೂ ಬಂದು ನಿಂತದ್ದು ಒಂದೇ ಹೊಸ್ತಿಲಿಗೆ. ಬಹಳ ಕಾಲ ಬಿಟ್ಟು ಬಂದವನನ್ನು ಹೆಂಡತಿ ಯಾರು ಎಂದು ಕೇಳುತ್ತಾಳೆ. ಅದು ಬೈಗುಳವಲ್ಲ. ಅವಳಿಗೆ ನಿಜವಾಗಿ ಗೊತ್ತಿಲ್ಲ. ಹದಿನಾಲ್ಕು ವರ್ಷ ಅನ್ನುವುದರ ಅರ್ಥ ಅದೇ ಅಲ್ವಾ?

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ರಿಲ್ಕೆ, ರಿಟ್ಸೋಸ್, ಓವಿಡ್ ಮೂವರೂ ಗಂಡಸರು. ಹೆಂಡತಿಯ ಮಾತನ್ನು ಹೆಣ್ಣೇ ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಬರೆಯುವವರು ಆ ವರ್ಷಗಳ ಒಳಗೆ ಹೋಗಿ ಕೂತಿದ್ದಾರೋ ಇಲ್ಲವೋ ಅನ್ನುವುದಷ್ಟೇ ನನಗೆ ಮುಖ್ಯ.

ಹಾರಿಸಿದ ಕಾಲ ಯಾವಾಗಲೂ ವರ್ಷಗಳೇ ಆಗಿರಬೇಕಿಲ್ಲ. ಒಂದು ಕ್ಷಣವೂ ಆಗಬಹುದು. ಬೈಬಲ್ಲಿನ ಆದಿಕಾಂಡದಲ್ಲಿ ಲೋಟನ ಹೆಂಡತಿಗೆ ಸಿಕ್ಕಿರುವುದು ಒಂದೇ ವಾಕ್ಯ. ಊರು ಉರಿಯುತ್ತಿದೆ, ಹಿಂದಕ್ಕೆ ನೋಡಬೇಡಿ ಎಂದು ದೇವದೂತರು ಹೇಳಿದ್ದಾರೆ, ಅವಳು ನೋಡಿದಳು, ಉಪ್ಪಿನ ಕಂಬವಾದಳು. ಅವಳ ಹೆಸರು ಕೂಡ ಅಲ್ಲಿಲ್ಲ. ರಷ್ಯಾದ ಅನ್ನಾ ಅಖ್ಮತೋವಾ 1920ರ ದಶಕದ ಮೊದಲ ವರ್ಷಗಳಲ್ಲಿ ಆ ಕ್ಷಣವನ್ನು ಬಿಡಿಸಿ ನೋಡಿದರು. ಅವರ ಮೊದಲ ಗಂಡ, ಕವಿ ಗುಮಿಲ್ಯೋವ್‌ಗೆ 1921ರಲ್ಲಿ ಗುಂಡಿಕ್ಕಿದ್ದರು. ಗೆಳೆಯರು ಒಬ್ಬೊಬ್ಬರಾಗಿ ದೇಶ ಬಿಟ್ಟು ಹೋಗುತ್ತಿದ್ದರು. ಅಖ್ಮತೋವಾ ಹೋಗಲಿಲ್ಲ. ಅವರ ಕವಿತೆಯಲ್ಲಿ ಅವಳ ಕಿವಿಯಲ್ಲಿ ಒಂದು ಕಳವಳ ಪಿಸುಗುಡುತ್ತದೆ: ಇನ್ನೂ ಹೊತ್ತು ಮೀರಿಲ್ಲ, ಈಗಲೂ ನೋಡಬಹುದು. ನೀನು ಹುಟ್ಟಿದ ಊರಿನ ಕೆಂಪು ಗೋಪುರಗಳು, ನೀನು ಹಾಡಿದ ಚೌಕ, ನೂಲು ತೆಗೆದ ಅಂಗಳ, ಗಂಡನಿಗೆ ಮಕ್ಕಳನ್ನು ಹೆತ್ತ ಆ ಎತ್ತರದ ಮನೆಯ ಖಾಲಿ ಕಿಟಕಿಗಳು. ಪಾಪದ ಊರು ಎಂದು ಎರಡು ಪದದಲ್ಲಿ ಮುಗಿಸಿದ್ದ ಜಾಗಕ್ಕೆ ಇದ್ದಕ್ಕಿದ್ದಂತೆ ಅಂಗಳ ಬಂತು, ಕಿಟಕಿ ಬಂತು. ಅಂಥ ಊರನ್ನು ಬಿಟ್ಟು ಹೋಗುವಾಗ ತಿರುಗಿ ನೋಡದವರು ಯಾರು?

ಪೋಲೆಂಡಿನ ವಿಸ್ಲಾವಾ ಶಿಂಬೋರ್ಸ್ಕಾ 1976ರಲ್ಲಿ ಇದೇ ಹೆಂಗಸಿನ ಬಾಯಲ್ಲೇ ಮಾತಾಡಿಸಿದರು. ಕುತೂಹಲಕ್ಕೆ ನೋಡಿದೆ ಅಂತಾರೆ ಜನ, ನನಗೆ ಬೇರೆ ಕಾರಣಗಳೂ ಇದ್ದಿರಬಹುದು ಎಂದು ಅವಳು ಶುರು ಮಾಡುತ್ತಾಳೆ. ಬೆಳ್ಳಿ ಬಟ್ಟಲು ಬಿಟ್ಟು ಬಂದೆನಲ್ಲಾ ಎಂಬ ಸಂಕಟಕ್ಕೆ. ಚಪ್ಪಲಿಯ ದಾರ ಕಟ್ಟುವಾಗ ಮೈಮರೆತು. ಗಂಡನ ಆ ನೀತಿವಂತ ಕತ್ತನ್ನು ಇನ್ನೂ ನೋಡುತ್ತಾ ನಡೆಯಲಾರದೆ. ನಾನು ಇಲ್ಲೇ ಬಿದ್ದು ಸತ್ತರೂ ಅವನು ನಿಲ್ಲುವುದಿಲ್ಲ ಅನ್ನುವುದು ಥಟ್ಟನೆ ಹೊಳೆದು. ಸುಸ್ತಾಗಿ. ಒಂಟಿತನಕ್ಕೆ. ಹೀಗೆ ಕಾರಣಗಳು ಬರುತ್ತಲೇ ಇರುತ್ತವೆ. ಯಾವುದು ನಿಜ ಎಂದು ಕವಿತೆ ಹೇಳುವುದೇ ಇಲ್ಲ. ಒಂದು ಕ್ಷಣದಲ್ಲಿ ಒಬ್ಬ ಮನುಷ್ಯಳ ಒಳಗೆ ಇಷ್ಟೆಲ್ಲ ಇರುತ್ತದೆ. ಕಥೆ ಒಂದೇ ಕಾರಣ ಇಟ್ಟುಕೊಂಡು ಅವಳನ್ನು ಕಂಬ ಮಾಡಿತು. ಕವಿತೆ ಕಾರಣಗಳನ್ನು ಹೆಚ್ಚಿಸಿ ಅವಳನ್ನು ಮತ್ತೆ ಮನುಷ್ಯಳಾಗಿ ಮಾಡಿತು. ನನಗೆ ಈ ಬಗೆಯ ಕವಿತೆಗಳಲ್ಲಿ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದಿಲ್ಲ.

ಡಫಿಯ ಸಂಕಲನಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅಲ್ಲಿ ಕಥೆ ಮುಗಿದ ಮಾರನೇ ದಿನದ ಕವಿತೆಗಳಿವೆ. ಮಿಡಾಸ್ ರಾಜ ಮುಟ್ಟಿದ್ದೆಲ್ಲ ಚಿನ್ನವಾಗುವ ಕಥೆ ಮಕ್ಕಳಿಗೂ ಗೊತ್ತು. ಆಸೆಬುರುಕತನ ಬೇಡ ಅಂತ ನೀತಿ ಹೇಳಿ ಮುಗಿಸುತ್ತೇವೆ. ಆ ಮನುಷ್ಯನ ಜೊತೆ ಆ ರಾತ್ರಿ ಒಂದೇ ಸೂರಿನ ಕೆಳಗೆ ಮಲಗಬೇಕಾದವಳು ಯಾರು? ಡಫಿಯ ಮಿಡಾಸನ ಹೆಂಡತಿ ಗಂಡನನ್ನು ಕೋಣೆಯ ಆಚೆ ತುದಿಯಲ್ಲಿ ಕೂರಿಸುತ್ತಾಳೆ. ಬೆಕ್ಕನ್ನು ಕೂಡಿಹಾಕುತ್ತಾಳೆ. ಫೋನನ್ನು ದೂರ ಇಡುತ್ತಾಳೆ. ಬೇರೆ ಬೇರೆ ಹಾಸಿಗೆ. ತನ್ನ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತಿಡುತ್ತಾಳೆ. ಕನಸಿನಲ್ಲಿ ಅವಳಿಗೆ ಚಿನ್ನದ ಮಗು ಹುಟ್ಟುತ್ತದೆ, ಆ ಕನಸಿನ ಹಾಲು ಎದೆಯಲ್ಲಿ ಉರಿಯುತ್ತದೆ. ಕೊನೆಗೆ ಅವನನ್ನು ಊರಾಚೆ ಕಾಡಿನ ಅಂಚಿಗೆ ಬಿಟ್ಟು ಬರುತ್ತಾಳೆ. ಮನೆಯ ಸಾಮಾನೆಲ್ಲ ಮಾರುತ್ತಾಳೆ. ಇಷ್ಟರವರೆಗೆ ಅವಳದು ಸಿಟ್ಟು. ಅವನು ತನ್ನೊಬ್ಬನ ಬಗ್ಗೆ ಮಾತ್ರ ಯೋಚಿಸಿದ ಅನ್ನುವ ಸಿಟ್ಟು. ಆಮೇಲೆ ಕೊನೆಯ ಸಾಲುಗಳಲ್ಲಿ, ಈಗಲೂ ತನಗೆ ಬೇಕೆನಿಸುವುದು ಅವನ ಕೈಗಳು, ಮೈಮೇಲೆ ಅವನ ಬೆಚ್ಚಗಿನ ಕೈಗಳು ಅನ್ನುತ್ತಾಳೆ. ಮುಟ್ಟುವುದರ ಬಗ್ಗೆ ಇರುವ ಕಥೆಯಲ್ಲಿ ಮುಟ್ಟಿಸಿಕೊಳ್ಳುವವಳನ್ನು ಯಾರೂ ನೆನೆದಿರಲಿಲ್ಲ. ಗಂಡನನ್ನು ಬೈಯುತ್ತಾ ಹೊರಟ ಕವಿತೆ ಅವನನ್ನು ಬಯಸುತ್ತಾ ನಿಲ್ಲುತ್ತದಲ್ಲ, ಅಲ್ಲಿ ಅದು ದೊಡ್ಡದಾಗುತ್ತದೆ.

ಲಾಜರಸ್‌ನ ಹೆಂಡತಿಯದು ಇನ್ನೂ ಕಷ್ಟದ ಕವಿತೆ. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರಸ್‌ಗೆ ಸುವಾರ್ತೆಯಲ್ಲಿ ಇಬ್ಬರು ಅಕ್ಕತಂಗಿಯರಿದ್ದಾರೆ, ಹೆಂಡತಿಯ ಪ್ರಸ್ತಾಪ ಇಲ್ಲ. ಅವನು ಸಮಾಧಿಯಲ್ಲಿದ್ದದ್ದು ನಾಲ್ಕು ದಿನ. ಡಫಿ ಅವನಿಗೊಬ್ಬ ಹೆಂಡತಿಯನ್ನು ಕೊಟ್ಟು ಅವಳ ದುಃಖಕ್ಕೆ ಬೇಕಾದಷ್ಟು ಕಾಲವನ್ನೂ ಕೊಟ್ಟರು. ಅವಳು ಅತ್ತಳು, ಬಟ್ಟೆ ಹರಿದುಕೊಂಡಳು, ಒಂಟಿ ಮಂಚದಲ್ಲಿ ಮಲಗಲು ಕಲಿತಳು. ಮೆಲ್ಲಮೆಲ್ಲಗೆ ಅವನ ಮುಖ ಮಾಸಿತು, ಅವನು ಬರೀ ಹೆಸರಾದ. ಕೊನೆಗೆ ಊರಿನ ಮೇಷ್ಟ್ರ ತೋಳು ಹಿಡಿದು ನಡೆಯುವಷ್ಟು ಅವಳು ಬದುಕಿಗೆ ಮರಳಿದಳು. ಆಗ ಅವನು ಬಂದ. ಪವಾಡ ಅನ್ನುವುದು ಎಲ್ಲರಿಗೂ ಪವಾಡವೇ ಆಗಬೇಕಿಲ್ಲ ಎಂದು ಈ ಕವಿತೆ ಓದುವ ತನಕ ನಾನು ಯೋಚಿಸಿರಲಿಲ್ಲ.

ಎಲ್ಲ ಕವಿತೆಗಳೂ ಹೀಗೆ ಆಳಕ್ಕೆ ಇಳಿಯುವುದಿಲ್ಲ. ಅದೇ ಸಂಕಲನದಲ್ಲಿ ನಾಲ್ಕೈದು ಸಾಲಿನ ಚುಟುಕುಗಳಿವೆ, ಗಂಡ ಪೆದ್ದ ಎಂದು ನಗಿಸಿ ಮುಗಿಯುತ್ತವೆ. ಓದಿದ ಕ್ಷಣ ಖುಷಿಯಾಗುತ್ತದೆ, ಎರಡನೇ ಸಲ ಓದಲು ಅಲ್ಲಿ ಏನೂ ಉಳಿದಿರುವುದಿಲ್ಲ. ವೀರನನ್ನು ಖಳನನ್ನಾಗಿ ಮಾಡಿ, ಸೊರಗಿದವಳನ್ನು ಗೆದ್ದವಳನ್ನಾಗಿ ಮಾಡಿದರೆ ಬೊಂಬೆಗಳ ಜಾಗ ಬದಲಾಗುತ್ತದೆ, ಬೊಂಬೆಗಳು ಬೊಂಬೆಗಳಾಗಿಯೇ ಇರುತ್ತವೆ. ಈ ದಾರಿಯಲ್ಲಿ ಬರೆಯುವ ಹೊಸಬರಿಗೆ ನಾನು ಪ್ರೀತಿಯಿಂದ ಹೇಳುವುದು ಇಷ್ಟೇ: ಅವಳು ಏನು ಮಾಡುತ್ತಿದ್ದಳು ಅಂತ ಮೊದಲು ಕೇಳಿ. ಏನು ಹೇಳಿದಳು ಅನ್ನುವುದು ಆಮೇಲೆ ತಾನಾಗಿ ಬರುತ್ತದೆ.

ನಮ್ಮ ಕಡೆಯ ಕಾವ್ಯದಲ್ಲಿ ಇದು ಬಹಳ ಬೇಗ ಶುರುವಾಯಿತು. 1862ರಲ್ಲಿ ಬಂಗಾಳದ ಮೈಕೇಲ್ ಮಧುಸೂದನ ದತ್ತ 'ವೀರಾಂಗನಾ ಕಾವ್ಯ' ಬರೆದರು. ಓವಿಡನ ಕಾಗದದ ರೂಪವನ್ನೇ ತಂದು, ನಮ್ಮ ಪುರಾಣದ ಹನ್ನೊಂದು ಹೆಣ್ಣುಗಳ ಕೈಗೆ ಲೇಖನಿ ಕೊಟ್ಟರು. ಶಕುಂತಲೆ ದುಷ್ಯಂತನಿಗೆ ಬರೆಯುತ್ತಾಳೆ, ಕೈಕೇಯಿ ದಶರಥನಿಗೆ ಬರೆಯುತ್ತಾಳೆ. ನೀಲಧ್ವಜನ ಹೆಂಡತಿ ಜನಾ ಬರೆಯುವ ಕಾಗದ ನನ್ನನ್ನು ಬಹಳ ಕಾಡಿದೆ. ನಮ್ಮ ಲಕ್ಷ್ಮೀಶನ 'ಜೈಮಿನಿ ಭಾರತ' ಓದಿದವರಿಗೆ ಇವಳು ಜ್ವಾಲೆ ಎಂಬ ಹೆಸರಿನಲ್ಲಿ ಗೊತ್ತು. ಮಗನನ್ನು ಕೊಂದ ಅರ್ಜುನನ ಜೊತೆ ಗಂಡ ಸ್ನೇಹ ಮಾಡಿಕೊಂಡಿದ್ದಾನೆ. ರಾಜನಿಗೆ ಅದು ರಾಜಕೀಯ. ತಾಯಿಗೆ? ಅದೇ ಅರಮನೆಯಲ್ಲಿ ಮಗನನ್ನು ಕೊಂದವನಿಗೆ ಸತ್ಕಾರ ನಡೆಯುತ್ತಿದೆ.

ಊರ್ಮಿಳೆಯ ಕಡೆ ಕಣ್ಣು ತಿರುಗಿಸಿದವರು ರವೀಂದ್ರನಾಥ ಟ್ಯಾಗೋರ್. ಕವಿಗಳು ಕಡೆಗಣಿಸಿದ ಹೆಣ್ಣುಗಳ ಬಗ್ಗೆ ಅವರು ಒಂದು ಪ್ರಬಂಧ ಬರೆದರು. ಆ ಚರ್ಚೆ ಹಿಂದಿಗೂ ಹೋಯಿತು. ಮೈಥಿಲೀಶರಣ ಗುಪ್ತರು 1931ರ 'ಸಾಕೇತ್' ಕಾವ್ಯದ ಒಂಬತ್ತನೇ ಸರ್ಗವನ್ನು ಅವಳ ವಿರಹಕ್ಕೇ ಕೊಟ್ಟರು. ಅವರದೇ 'ಯಶೋಧರಾ' ಕಾವ್ಯದಲ್ಲಿ ಬುದ್ಧನ ಹೆಂಡತಿ ಗೆಳತಿಗೆ ಹೇಳಿಕೊಳ್ಳುವ ಮಾತು ಹಿಂದಿ ಬಲ್ಲವರಿಗೆಲ್ಲ ಬಾಯಿಗೆ ಬರುತ್ತದೆ. ಹೋದದ್ದಕ್ಕೆ ಅವಳ ತಕರಾರಿಲ್ಲ. ಹೇಳಿ ಹೋಗಬಹುದಿತ್ತಲ್ಲ ಅನ್ನುವುದು ಅವಳ ನೋವು. ಹೇಳಿದ್ದರೆ ನಾನು ದಾರಿಗೆ ಅಡ್ಡ ನಿಲ್ಲುತ್ತಿದ್ದೆ ಅಂದುಕೊಂಡನೇ? ಕನ್ನಡದಲ್ಲಿ 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ' ಕಾವ್ಯದಲ್ಲಿ ಕುವೆಂಪು ಊರ್ಮಿಳೆಯನ್ನು ತಪಸ್ವಿನಿಯಾಗಿ ಕಂಡರು. ಸೀತೆಯ ಅಗ್ನಿಪರೀಕ್ಷೆಯಲ್ಲಿ ರಾಮನನ್ನೂ ಬೆಂಕಿಯೊಳಗೆ ನಡೆಸಿದರು. ಆದರೂ ನನಗೊಂದು ಆಸೆ ಉಳಿದಿದೆ. ತಪಸ್ಸು ಅಂದಕೂಡಲೇ ಊರ್ಮಿಳೆ ಮತ್ತೆ ದೂರ ಹೋಗುತ್ತಾಳೆ, ಎತ್ತರಕ್ಕೆ ಹೋಗುತ್ತಾಳೆ. ಅವಳ ಒಂದು ಮಾಮೂಲಿ ಮಂಗಳವಾರದ ಬಗ್ಗೆ ಯಾರಾದರೂ ಬರೆಯಬೇಕು.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಹೆಮ್ಮೆಯ ಹಕ್ಕಿದೆ. ಮುದ್ದಣನ 'ಶ್ರೀರಾಮಾಶ್ವಮೇಧ' ನೆನಪಿಸಿಕೊಳ್ಳಿ. ಕವಿ ಕಥೆ ಹೇಳುತ್ತಿದ್ದಾನೆ, ಕೇಳುತ್ತಿರುವವಳು ಹೆಂಡತಿ ಮನೋರಮೆ. ಅವಳು ಸುಮ್ನೆ ಕೂತು ಹೂಂಗುಡುವವಳಲ್ಲ. ಪದ್ಯದಲ್ಲಿ ಹೇಳಲೋ ಗದ್ಯದಲ್ಲೋ ಅಂದರೆ, ಪದ್ಯ ವಧ್ಯ, ಗದ್ಯ ಹೃದ್ಯ ಅನ್ನುತ್ತಾಳೆ.ಸಂಸ್ಕೃತ ಹೆಚ್ಚಾದರೆ, ನೀರು ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಎಂದು ತಡೆಯುತ್ತಾಳೆ. ಮುದ್ದಣ ಅವಳ ಮಾತು ಕೇಳುತ್ತಾನೆ, ಗದ್ಯದಲ್ಲೇ ಹೇಳುತ್ತಾನೆ. ಪೆನೆಲೋಪಿ ಹಾಡು ಬದಲಿಸು ಎಂದಾಗ ಮಗ ಅವಳನ್ನು ಮಹಡಿ ಹತ್ತಿಸಿದ. ಮನೋರಮೆ ಬದಲಿಸು ಎಂದಾಗ ಕನ್ನಡದ ಕವಿ ಬದಲಿಸಿದ. ಆ ಕಾವ್ಯದ ಕಥೆಗಿಂತ ಈ ಮಾತುಕತೆಯೇ ಜನರ ನೆನಪಿನಲ್ಲಿ ಉಳಿದಿದೆ ಅಂದರೆ ಆಶ್ಚರ್ಯವಿಲ್ಲ.

ಈ ಇಂಗ್ಲಿಷ್ ಕವಿತೆಗಳನ್ನು ನಾನು ನನಗಾಗಿ ಕನ್ನಡಕ್ಕೆ ತರಲು ಕೂತಾಗ ಒಂದು ಕಡೆ ಕೈ ನಿಂತಿತು. ಇಂಗ್ಲಿಷಿನಲ್ಲಿ ಗಂಡನನ್ನು ಕರೆಯಲು ಒಂದೇ ಪದ. ಕನ್ನಡದಲ್ಲಿ 'ನೀನು' ಅನ್ನಲೋ 'ನೀವು' ಅನ್ನಲೋ ತೀರ್ಮಾನಿಸದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. 'ಅವನು' ಅನ್ನಲೋ 'ಅವರು' ಅನ್ನಲೋ? ಎಚ್.ಡಿ.ಯ ಯೂರಿಡಿಸಿಗೆ 'ನೀನು' ಬಿಟ್ಟು ಬೇರೆ ಸಾಧ್ಯವಿಲ್ಲ. ಆ ಸಿಟ್ಟು 'ನೀವು' ಅನ್ನುವುದರಲ್ಲಿ ಹಿಡಿಸುವುದಿಲ್ಲ. ಮಿಡಾಸನ ಹೆಂಡತಿಯ ವಿಷಯದಲ್ಲಿ ಬಹಳ ದಿನ ಒದ್ದಾಡಿದೆ. ಕೊನೆಗೆ ಒಂದು ದಾರಿ ಕಂಡಿತು. ಮೊದಲ ಭಾಗದಲ್ಲಿ, ಎಲ್ಲ ಸರಿಯಿದ್ದಾಗ, ಅವಳು 'ಅವರು' ಅನ್ನುತ್ತಾಳೆ. ಬೆಕ್ಕನ್ನು ಕೂಡಿಹಾಕುವ ಹೊತ್ತಿಗೆ 'ಅವನು' ಬರುತ್ತದೆ. ಕೈಗಳನ್ನು ನೆನೆಯುವ ಕೊನೆಯ ಸಾಲಿನಲ್ಲೂ ಅದು 'ಅವನ ಕೈ' ಆಗಿಯೇ ಇರುತ್ತದೆ, ಆದರೆ ಅಷ್ಟರಲ್ಲಿ ಸಿಟ್ಟಿನ ಏಕವಚನ ಸಲಿಗೆಯ ಏಕವಚನ ಆಗಿರುತ್ತದೆ. ಇಂಗ್ಲಿಷಿಗೆ ಈ ಅನುಕೂಲ ಇಲ್ಲ. ನಮ್ಮ ಭಾಷೆಯಲ್ಲಿ ಒಂದು ಸಂಸಾರದ ಇಡೀ ಕಥೆಯನ್ನು ಒಂದು ಸರ್ವನಾಮದಲ್ಲಿ ಹೇಳಬಹುದು.

ಕೊನೆಯದಾಗಿ ನನಗೇ ಕಷ್ಟವಾಗಿರುವ ಒಂದು ವಿಷಯ. ಹೆಂಡತಿ ಮಾತಾಡಿದ ಮೇಲೂ ಮನೆಯಲ್ಲಿ ಮಾತಾಡದವರು ಉಳಿಯುತ್ತಾರೆ. ಪೆನೆಲೋಪಿಯ ಮನೆಯಲ್ಲಿ ದಾಸಿಯರಿದ್ದರು. ಒಡಿಸ್ಯೂಸ್ ಬಂದು ಹಜಾರದಲ್ಲಿದ್ದ ಗಂಡಸರನ್ನೆಲ್ಲ ಕೊಂದ ಮೇಲೆ, ಅವರ ಜೊತೆ ಮಲಗಿದ್ದರು ಎಂಬ ಆರೋಪಕ್ಕೆ ಹನ್ನೆರಡು ದಾಸಿಯರನ್ನು ಸಾಯಿಸಲು ಹೇಳುತ್ತಾನೆ. ಸಾಯಿಸುವ ಮೊದಲು ಅವರ ಕೈಯಲ್ಲೇ ಹೆಣಗಳನ್ನು ಹೊರಿಸುತ್ತಾರೆ, ರಕ್ತವಾದ ಮೇಜು ಕುರ್ಚಿಗಳನ್ನು ಸ್ಪಂಜಿನಿಂದ ಒರೆಸಿಸುತ್ತಾರೆ. ಆಮೇಲೆ ಟೆಲೆಮಾಕಸ್ ಅವರನ್ನು ಸಾಲಾಗಿ ನೇಣು ಹಾಕುತ್ತಾನೆ. ಅಮ್ಮನಿಗೆ ಒಳಗೆ ಹೋಗು ಎಂದ ಅದೇ ಮಗ. ಕೆನಡಾದ ಮಾರ್ಗರೆಟ್ ಆಟ್‌ವುಡ್ 2005ರ 'ದಿ ಪೆನೆಲೋಪಿಯಡ್' ಕೃತಿಯಲ್ಲಿ ಈ ಹನ್ನೆರಡು ಮಂದಿಯನ್ನು ಮೇಳವಾಗಿ ತಂದು ಹಾಡಿಸಿದರು. ಪೆನೆಲೋಪಿ ತನ್ನ ಕಥೆಯನ್ನು ಗದ್ಯದಲ್ಲಿ ಹೇಳುತ್ತಾಳೆ, ದಾಸಿಯರು ನಡುನಡುವೆ ಪದ್ಯ ಹಾಡಿ ಅವಳನ್ನು ತಡೆಯುತ್ತಾರೆ.

ಆ ಕೊಲೆಯೆಲ್ಲ ನಡೆಯುವಾಗ ಪೆನೆಲೋಪಿ ಎಲ್ಲಿದ್ದಳು ಗೊತ್ತಾ? ಮಹಡಿಯ ಮೇಲೆ ನಿದ್ದೆ ಮಾಡುತ್ತಿದ್ದಳು. ಅಥೀನಾ ದೇವಿ ಅವಳಿಗೆ ನಿದ್ದೆ ಬರಿಸಿದ್ದಳು. ಒಡಿಸ್ಯೂಸ್ ಹೋದ ಮೇಲೆ ಇಷ್ಟು ಒಳ್ಳೆಯ ನಿದ್ದೆ ಬಂದೇ ಇರಲಿಲ್ಲ ಎಂದು ಎದ್ದು ಹೇಳುತ್ತಾಳೆ. ಆ ಮನೆಯ ದಾಸಿಯರಲ್ಲಿ ಮೆಲಾಂಥೊ ಎಂಬವಳೊಬ್ಬಳಿದ್ದಳು. ಆ ಗಂಡಸರಲ್ಲಿ ಒಬ್ಬನ ಜೊತೆ ಅವಳ ಸಂಬಂಧ ಇತ್ತು ಎಂದು ಹೋಮರ್ ಹೇಳುತ್ತಾನೆ. ನೇಣಿಗೆ ಹೋದವರ ಹೆಸರುಗಳನ್ನು ಮಾತ್ರ ಅವನು ಹೇಳುವುದಿಲ್ಲ. ಚಿಕ್ಕವಳಿದ್ದಾಗ ಮೆಲಾಂಥೊಳನ್ನು ಸ್ವಂತ ಮಗಳ ಹಾಗೆ ಸಾಕಿದವಳು, ಆಡಲು ಆಟಿಕೆ ಕೊಟ್ಟವಳು ಪೆನೆಲೋಪಿಯೇ.

ಎದ್ದು ಕೆಳಗಿಳಿದು ಬಂದಾಗ ಹಜಾರ ತೊಳೆದು ಸ್ವಚ್ಛವಾಗಿತ್ತು. ಅವಳು ಮೆಲಾಂಥೊ ಎಲ್ಲಿ ಎಂದು ಕೇಳಿದಳೇ?